ನೆಟ್ಟಿನ ಮೇಲೆ ಹೊರಿಸಿದ ತಪ್ಪು

ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ. ಆದರೆ ಕಿವಿಯ ಮೇಲೆ ಹೆಡ್‌ಫೋನ್ ಕೂತಿರುವಾಗ, ತಮ್ಮ ನೂರಾರು ಮೈಲಿ ದೂರದಲ್ಲಿರುವಾಗ, ಕೆಂಪಾದರೆ ಯಾರಿಗೆ ಕಾಣಬೇಕು?

"ನೆಟ್ ಸ್ಲೋ ಕಣೋ," ಎಂದಳು. "ನಾನು ಗುಂಡಿ ಒತ್ತಿದ ಮೇಲೆ ಒಂದು ಆಕಳಿಕೆ ಮುಗಿಸಿ ಏಳ್ತಾಳೆ ಈ ನನ್ನ ಮಹಾರಾಯ್ತಿ."

"ಹೌದಕ್ಕ, ನನಗೂ ಹಾಗೇ ಆಗ್ತಿದೆ. ದರಿದ್ರ ನೆಟ್ಟು," ಎನ್ನುತ್ತಲೇ ತಮ್ಮ, ಹೊಡೆದಾಟದ ಗೇಮಿನ ಪರದೆಯ ಮೇಲಿದ್ದ ಆ ಮಹಾರಾಯ್ತಿಯ, ಅಂದರೆ ಅಕ್ಕನ ಬೊಂಬೆಯ, ದವಡೆಗೆ ಒದ್ದ.

ಅಕ್ಕ ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸುವವಳು. ಬಿಡಿಸುತ್ತಿದ್ದವಳು ಎನ್ನಬೇಕು. ಕೆಲವು ತಿಂಗಳಿಂದ ಅವಳ ಬಲಗೈ, ಹೋಗು ಎಂದರೆ ಸ್ವಲ್ಪ ಯೋಚಿಸಿ ಹೋಗುತ್ತಿತ್ತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, ವಾಸಿಯಾಗುವಂಥದ್ದಲ್ಲ, ಹದ್ದುಬಸ್ತಿನಲ್ಲಿಡಬಹುದು ಎಂದಿದ್ದರು. ಅಂದಿನಿಂದ ಬೇಕರಿ ಯಜಮಾನ ಅವಳಿಗೆ ಡಬ್ಬ ಕಟ್ಟುವ ಕೆಲಸ ಕೊಟ್ಟು, "ಸುಸ್ತಾದ್ರೆ ಕೂತ್ಕೊಳ್ಳಮ್ಮ" ಎನ್ನುತ್ತಿದ್ದ. ಗಂಡ ಲೋಟಕ್ಕೆ ಅರ್ಧವೇ ನೀರು ತುಂಬಿ ಕೊಡುತ್ತಿದ್ದ. ಎಲ್ಲರೂ ಒಳ್ಳೆಯವರೇ, ಆ ಒಳ್ಳೆಯತನದಿಂದಲೇ ಅವಳಿಗೆ ಸಾಕು ಸಾಕಾಗಿತ್ತು. ಅಯ್ಯೋ ಪಾಪ ಎನ್ನದೆ ಉಳಿದಿದ್ದವನು ತಮ್ಮನೊಬ್ಬನೇ. ಚಿಕ್ಕಂದಿನಲ್ಲಿ ಗೇಮ್ ಅಂಗಡಿಯಲ್ಲಿ ಅವಳ ಭುಜಕ್ಕೆ ಭುಜ ತಾಗಿಸಿ ನಿಂತು ಹೊಡೆದಾಡಿದವನು. ಈಗ ಬೇರೆ ಊರಲ್ಲಿ ಬೀಗ ರಿಪೇರಿ ಮಾಡಿಕೊಂಡಿದ್ದರೂ ಭಾನುವಾರ ಮಧ್ಯಾಹ್ನದ ಯುದ್ಧ ತಪ್ಪಿಸಿದವನಲ್ಲ. ಅವನಿಗೂ ಗೊತ್ತಾದರೆ? ಬೇಕೆಂದೇ ಸೋಲುತ್ತಾನೆ. ಆಮೇಲೆ ಆಡಲು ಏನು ಉಳಿಯಿತು, ಮಣ್ಣು!

ಹೀಗಾಗಿ ವಾರ ವಾರವೂ ಸೋತು, ವಾರ ವಾರವೂ ನೆಟ್ಟಿಗೆ ಹಿಡಿಶಾಪ ಹಾಕಿದಳು.

ಮೊನ್ನೆಯ ಭಾನುವಾರ ನೆಟ್ ನಿಜಕ್ಕೂ ಕೆಟ್ಟಿತು. ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿಣುಕತೊಡಗಿತು. ಆ ಆಟದ ಕ್ರಮವೇ ಹಾಗೆ, ಯಾರ ಮನೆಯ ನೆಟ್ ಕೆಟ್ಟರೂ ಇಬ್ಬರಿಗೂ ಸಮನಾಗಿ ತಡವಾಗುತ್ತದೆ. ತಮ್ಮನ ಬೊಂಬೆ ಒದೆಯಲು ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಅಕ್ಕನ ಬೊಂಬೆಯೂ ತೆವಳಿತು. ಇಬ್ಬರೂ ನಿಧಾನವಾದಾಗ ಅವಳ ಕೈಗೆ ಪುರುಸೊತ್ತು ಸಿಕ್ಕಿತು. ತಡೆದಳು, ಬಗ್ಗಿದಳು, ಗುದ್ದಿದಳು. ಗೆದ್ದೇಬಿಟ್ಟಳು!

"ಅಯ್ಯಯ್ಯೋ, ಮೋಸ! ಇದೇನಕ್ಕ, ಇಷ್ಟು ದಿನ ಇಲ್ಲದ್ದು? ನಾನು ಒತ್ತಿದ್ದೇ ಹೋಗ್ತಿಲ್ಲ!" ಎಂದು ತಮ್ಮ ಕೂಗಿದ.

ಅಕ್ಕನ ನಗು ಅರ್ಧಕ್ಕೇ ನಿಂತಿತು. ನೆಟ್ ಕೆಟ್ಟರೆ ಇಬ್ಬರಿಗೂ ಕೆಡಬೇಕು. ಇಷ್ಟು ವಾರ ಅವನ ಬೊಂಬೆ ಮಿಂಚಿನ ಹಾಗೆ ಒದೆಯುತ್ತಿತ್ತು. ಆದರೂ "ನನಗೂ ಹಾಗೇ" ಎನ್ನುತ್ತಿದ್ದನಲ್ಲ, ಕಳ್ಳ!

"ನನ್ನ ಕೈ ವಿಷಯ ನಿನಗೆ ಗೊತ್ತಿತ್ತು," ಎಂದಳು.

ಆ ಕಡೆ ತಮ್ಮ ಗುಂಡಿ ಒತ್ತುವುದನ್ನು ನಿಲ್ಲಿಸಿದ.

"ಭಾವ ಹೇಳಿದ್ರು," ಎಂದ. "ಡಾಕ್ಟರ ಹತ್ರ ಹೋಗಿಬಂದ ದಿನವೇ. ನೀನು ನೆಟ್ ಅಂದೆ, ನಾನೂ ಹೂಂ ಅಂದೆ. ನೀನಾಗಿ ಹೇಳೋವರೆಗೂ ಕೇಳಬಾರದು ಅನ್ನಿಸ್ತು."

ಅಕ್ಕ ರೇಗಿದಳು. "ಹಾಗಾದ್ರೆ ಬಿಟ್ಟುಕೊಟ್ಟು ಆಡ್ತಿದ್ಯಾ?"

"ಬಿಟ್ಟುಕೊಡೋದಾ? ತಲೆ ಕೆಟ್ಟಿದೆಯಾ? ಇವತ್ತು ಬಿಟ್ರೆ ಇಷ್ಟು ವಾರದಲ್ಲಿ ಒಂದಾದ್ರೂ ಗೆದ್ದಿದೀಯೇನೇ?"

ಅವಳು ಯೋಚಿಸಿದಳು. ಗೆದ್ದಿರಲಿಲ್ಲ. ಎಲ್ಲ ತಿಳಿದೂ ಆ ಪಾಪಿ ಪ್ರತಿ ವಾರ ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದ. ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಈಚೆಗೆ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕಣ್ಣು ತುಂಬಿ ಬಂತು.

ಆಗ ಎಲ್ಲವನ್ನೂ ಹೇಳಿದಳು: ಕೈ ನಡುಗುವುದು, ಕ್ರೀಮಿನ ದಳ ಸೊಟ್ಟಗಾಗುವುದು, ಮುಂದೆ ಹೇಗೋ ಏನೋ ಎಂಬ ಹೆದರಿಕೆ. ಅವಳು ಹೇಳಿ ಮುಗಿಸುವಷ್ಟರಲ್ಲಿ ನೆಟ್ ಸರಿಹೋಗಿತ್ತು.

"ಇನ್ನೊಂದಾಟ ಹಾಕು," ಎಂದಳು. "ಕರುಣೆ ಗಿರುಣೆ ತೋರಿಸಿದ್ಯೋ, ಅಲ್ಲಿಗೇ ಬಂದು ಚರ್ಮ ಸುಲಿತೀನಿ."

"ಬಾರೇ, ನೋಡೇಬಿಡೋಣ."

ಶುರುವಾದ ಕೂಡಲೇ ಒದ್ದ. ಅವಳ ಕೈ ತಡವಾಯಿತು, ಬಿದ್ದಳು. ಎದ್ದಳು, ಮತ್ತೆ ಒದ್ದ. ತಮ್ಮ ಗೆದ್ದ. ಗೆದ್ದು ಬಿಕ್ಕಿ ಬಿಕ್ಕಿ ಅತ್ತ.

"ಅಳೋದು ಆಮೇಲೆ ಇಟ್ಕೋ," ಎಂದಳು ಅಕ್ಕ, ಮೂಗು ಒರೆಸಿಕೊಂಡು ನಗುತ್ತ. "ಮುಂದಿನ ಆಟ ಹಾಕು."