ಬಿಗಿಯಾಗದ ಅಂಗಿ

ಗಿರಾಕಿ ಎಷ್ಟೇ ದಪ್ಪಗಾಗಿ ಬಂದರೂ "ದಪ್ಪಗಾಗಿದ್ದೀರಿ" ಎಂಬ ಮಾತು ಟೈಲರನ ಬಾಯಿಂದ ಬರುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಪ್ಯಾಂಟಿನ ಗುಂಡಿ ಹಾಕಿಕೊಳ್ಳುವ ಬ್ಯಾಂಕ್ ಮ್ಯಾನೇಜರಿಗೂ, ಕಂಕುಳಲ್ಲಿ ಕಿತ್ತುಹೋದ ಕೋಟನ್ನು ಯಾರಿಗೂ ಕಾಣದಂತೆ ಪೊಟ್ಟಣ ಕಟ್ಟಿ ತರುವ ವಕೀಲರಿಗೂ ಅವನದು ಒಂದೇ ಉತ್ತರ: "ಬಟ್ಟೆ ಕುಗ್ಗಿದೆ ಸಾರ್. ಈಗಿನ ನೀರೇ ಸರಿಯಿಲ್ಲ." ಹೀಗೆ ಹೇಳಿ ಹೊಲಿಗೆ ಬಿಚ್ಚಿ, ಮುಂದೆ ಬೇಕಾದೀತೆಂದು ಒಳಗೆ ತಾನೇ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದು, ಹಳೆಯ ಸೂಜಿಗುರುತು ಕಾಣದಂತೆ ಇಸ್ತ್ರಿ ಹಾಕಿ ಕೊಡುತ್ತಿದ್ದ. ಇಡೀ ಬೀದಿಯ ಹೊಟ್ಟೆಗಳ ಗುಟ್ಟು ಅವನ ಹೊಟ್ಟೆಯಲ್ಲಿತ್ತು. ಅದಕ್ಕೇ ಅವನ ಅಂಗಡಿಗೆ ಗಿರಾಕಿ ತಪ್ಪಿರಲಿಲ್ಲ.

ಇಂಥವನ ಒಬ್ಬಳೇ ಮಗಳು ಗುಂಡು ಎಸೆಯುತ್ತಿದ್ದಳು. ನೋಡಿದವರಿಗೆ ಗುಂಡೇ ಇವಳನ್ನು ಎಸೆದೀತು ಅನ್ನಿಸುವಂಥ ಮೈಕಟ್ಟು. ಕ್ರೀಡಾಂಗಣದಲ್ಲಿ ಅವಳಿಗೆ ಕಡ್ಡಿ ಎಂದೇ ಹೆಸರು ಬಿದ್ದಿತ್ತು. ಆದರೆ ಕಾಲು ತಿರುಗಿಸುವುದರಲ್ಲಿ, ಮೊಣಕೈ ಏರಿಸುವುದರಲ್ಲಿ ಅವಳದು ಬಲು ಅಚ್ಚುಕಟ್ಟು. ಅದನ್ನು ನೋಡಿಯೇ ಕೋಚ್ ಮೇಡಂ ಅವಳನ್ನು ಇಟ್ಟುಕೊಂಡಿದ್ದರು.

"ಕೈಯಲ್ಲಿ ವಿದ್ಯೆ ಇದೆ, ಅದರ ಹಿಂದೆ ಮೈ ಇಲ್ಲ," ಎಂದರು ಅವರು. "ಬೇಸಿಗೆ ಮುಗಿದ ಮೇಲೆ ತಂಡದ ಆಯ್ಕೆ. ಅಷ್ಟರಲ್ಲಿ ಹೆಗಲು ತುಂಬಿದ್ರೆ ತಂಡದಲ್ಲಿ ಇರ್ತೀಯ. ಇಲ್ಲಾಂದ್ರೆ ಓಟಕ್ಕೆ ಹಾಕ್ತೀನಿ."

ಕಡ್ಡಿ ಬಸ್ಸು ತಪ್ಪಿದರೂ ಓಡದ ಹುಡುಗಿ. ಓಟ ಎಂದರೆ ಅವಳಿಗೆ ಮನೆಗೆ ಕಳಿಸಿದ ಹಾಗೆಯೇ. ಅಂದಿನಿಂದ ಅವಳು ತೂಕದ ಯಂತ್ರಕ್ಕೆ ಅಂಟಿಕೊಂಡಳು. ಬೆಳಿಗ್ಗೆ ಹತ್ತಿದಳು, ತಿಂದು ಹತ್ತಿದಳು, ತಂಬಿಗೆ ನೀರು ಕುಡಿದು ಹತ್ತಿದಳು. ಇದನ್ನು ಕಂಡ ಮೇಡಂ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸದ್ಯಕ್ಕೆ ಭಾರದ ಕಬ್ಬಿಣ ಎತ್ತುವುದೊಂದೇ ಅಭ್ಯಾಸ, ಎಸೆಯುವ ಗುಂಡನ್ನೂ ಮುಟ್ಟಬಾರದೆಂದರು.

"ನೀರು ಕುಡಿದು ತೂಕ ಏರಿಸೋದಲ್ಲ. ಮೂರು ಹೊತ್ತೂ ಸರಿಯಾಗಿ ಊಟ ಮಾಡು. ಮೊಟ್ಟೆ, ಕಾಳು, ಮೀನು, ಹಾಲು, ಯಾವುದಾದ್ರೂ ಒಂದು ತಟ್ಟೇಲಿ ಇರ್ಲಿ. ಅನ್ನ ಬಿಡಬೇಡ. ಕಬ್ಬಿಣ ಎತ್ತಿದ ಮಾರನೇ ದಿನ ಸುಮ್ನೆ ಇರು, ಮೈ ಬೆಳೆಯೋದು ಆಗಲೇ. ರಾತ್ರಿ ಬೇಗ ಮಲಗು. ಡಬ್ಬಿ ಪುಡಿ ಗಿಡಿ ಅಂತ ಹೋದ್ರೆ ನನ್ನ ಹತ್ರ ಬರಬೇಡ."

"ಮತ್ತೆ ಮೈ ಬಂತೋ ಇಲ್ವೋ ಅಂತ ಗೊತ್ತಾಗೋದು ಹೇಗೆ ಮೇಡಂ?"

"ಅಂಗಿ ನೋಡು. ಹೆಗಲು, ತೋಳು ಬಿಗಿಯಾಗಬೇಕು, ಸೊಂಟ ಹಾಗೇ ಇರಬೇಕು. ಸೊಂಟವೂ ಬಿಗಿಯಾದ್ರೆ ಅದು ಬರೀ ಹೊಟ್ಟೆ. ಹಿಗ್ಗೋ ಬನಿಯನ್ ಹಾಕ್ಕೋಬೇಡ, ಅದನ್ನ ನಂಬೋಕಾಗಲ್ಲ. ನಿಮ್ಮಪ್ಪ ಹೊಲಿದ ಅಂಗಿ ಹಾಕ್ಕೊಂಡು ಬಾ. ಅದು ಸುಳ್ಳು ಹೇಳಲ್ಲ."

ಪಾಪ, ಮೇಡಂಗೆ ಟೈಲರನ ಪರಿಚಯವಿರಲಿಲ್ಲ. ಟೈಲರನಿಗೆ ಈ ಮಾತನ್ನು ಯಾರೂ ಹೇಳಲೂ ಇಲ್ಲ.

ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಊಟದ ಭರಾಟೆ ಶುರುವಾಯಿತು. ತಾಯಿ ಹಗಲೆಲ್ಲ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ಇಷ್ಟು ವರ್ಷ "ಇನ್ನೊಂದು ತುತ್ತು ತಿನ್ನೇ" ಎಂದು ಮಗಳ ಹಿಂದೆ ಅಲೆದು ಬಾಯಿ ಒಣಗಿಸಿಕೊಂಡಿದ್ದವಳು, ಈಗ ಮಗಳೇ ತಟ್ಟೆ ಚಾಚಿ ಕೂರುವುದನ್ನು ಕಂಡು ಮೊದಲು ಹಿಗ್ಗಿದಳು, ಆಮೇಲೆ ಸುಸ್ತಾದಳು. ಮೊಟ್ಟೆ ಬೇಯಿಸುವ ಪಾತ್ರೆ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಕಡಲೆಕಾಯಿ ಬೀಜ ಹುರಿದಿಟ್ಟ ಡಬ್ಬ ಸಂಜೆಯೊಳಗೆ ಖಾಲಿಯಾಗುತ್ತಿತ್ತು. "ನಾವು ಹೆತ್ತಿದ್ದು ಒಂದೇ ತಾನೇ ರೀ?" ಎಂದು ಅವಳು ಗಂಡನನ್ನು ಕೇಳಿದಳು.

ವಾರಕ್ಕೊಮ್ಮೆ ಮನೆಯ ಬಟ್ಟೆಗೆ ಇಸ್ತ್ರಿ ಹಾಕುವುದು ಟೈಲರನ ಪಾಲಿನ ಕೆಲಸ. ಒಂದು ದಿನ ಮಗಳ ಕಂದು ಬಣ್ಣದ ಅಂಗಿಯನ್ನು ಹಲಗೆಯ ಮೇಲೆ ಹರಡಿದಾಗ ಹೆಗಲ ಹತ್ತಿರ ಒಂದು ಸಣ್ಣ ಸುಕ್ಕು ಕಂಡಿತು. ಒಗೆತದ ಸುಕ್ಕೇ ಬೇರೆ, ಮೈ ಎಳೆದ ಸುಕ್ಕೇ ಬೇರೆ. ಅವನಿಗೆ ತಕ್ಷಣ ತಿಳಿಯಿತು. ಮಗಳ ಮೈ ತುಂಬಿಕೊಳ್ಳುತ್ತಿದೆ! ಅವನ ಎದೆ ತುಂಬಿಬಂತು. ಆದರೆ ಬೆಳೆಯುವ ಹುಡುಗಿಗೆ ಅದನ್ನು ಹೇಳುವುದುಂಟೆ? ಬ್ಯಾಂಕ್ ಮ್ಯಾನೇಜರಿಗೇ ಹೇಳದವನು ಮಗಳಿಗೆ ಹೇಳಿಯಾನೇ? ಕೈ ತಾನಾಗಿ ಬ್ಲೇಡು ಎತ್ತಿಕೊಂಡಿತು. ಹೊಲಿಗೆ ಬಿಚ್ಚಿದ, ಒಂದು ಎಳೆಯಷ್ಟು ಸಡಿಲಿಸಿ ಹೊಲಿದ, ಮಡಿಚಿಟ್ಟ. ಮುಂದಿನ ವಾರಗಳಲ್ಲೂ ಸುಕ್ಕು ಕಂಡಾಗಲೆಲ್ಲ ಅದೇ ಉಪಚಾರ. ತಾನೆಂಥ ಸೂಕ್ಷ್ಮದ ಅಪ್ಪ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಇತ್ತ ಮಗಳು ದಿನದಿಂದ ದಿನಕ್ಕೆ ಮಂಕಾದಳು. ಅಂಗಡಿಯ ಕನ್ನಡಿಯ ಮುಂದೆ ನಿಂತು ತೋಳು ಮಡಿಚುವಳು, ಹೆಗಲು ಏರಿಸುವಳು, ಅಂಗಿಯ ತೋಳನ್ನು ಹಿಡಿದು ಎಳೆದು ನೋಡುವಳು. ಅದು ಮೊದಲ ದಿನದಷ್ಟೇ ಸಡಿಲ. ಕನ್ನಡಿಯಲ್ಲಿ ತೋಳು ಚೂರು ದಪ್ಪ ಕಂಡರೂ ಕನ್ನಡಿ ಆಸೆ ತೋರಿಸುತ್ತಿದೆ ಎಂದುಕೊಳ್ಳುವಳು, ಯಾಕೆಂದರೆ ಅಂಗಿ ಸುಳ್ಳು ಹೇಳುವುದಿಲ್ಲವಲ್ಲ.

ಆಯ್ಕೆಗೆ ವಾರವಿದೆ ಎನ್ನುವಾಗ ಮಧ್ಯಾಹ್ನದ ಊಟಕ್ಕೆ ಕೂತವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸಾಕಮ್ಮ. ಇನ್ನು ತಿನ್ನಲ್ಲ."

"ಯಾಕೇ, ಹೊಟ್ಟೆ ಸರಿಯಿಲ್ವಾ?"

"ತಿಂದು ಏನು ಬಂತು? ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಔಷಧಿ ಅಂಗಡೀಲಿ ಒಂದು ಪುಡಿ ಡಬ್ಬಿ ಇದೆ, ಮೇಲೆ ಗೂಳಿ ಥರದ ಮನುಷ್ಯನ ಚಿತ್ರ. ಅದನ್ನ ತಗೋತೀನಿ. ಅದೂ ಆಗದಿದ್ರೆ ಓಟಕ್ಕೆ ಹೋಗ್ತೀನಿ. ಓಟಾನೂ ಬೇಡ, ಎಲ್ಲಾ ಬಿಟ್ಟುಬಿಡ್ತೀನಿ."

ಟೈಲರು ಪಕ್ಕದಲ್ಲಿ ಕೂತು ಯಾರದೋ ಕಾಲರಿಗೆ ಕೈಹೊಲಿಗೆ ಹಾಕುತ್ತಿದ್ದ. "ಯಾಕಮ್ಮ ಬೇಜಾರು, ಮೈ ಚೆನ್ನಾಗೇ ಬಂದಿದೆಯಲ್ಲ," ಎಂದ.

"ಎಲ್ಲಿ ಬಂದಿದೆ ಅಪ್ಪ? ಅಂಗಿ ಬಿಗಿಯಾಗಬೇಕು ಅಂತ ಮೇಡಂ ಹೇಳಿದ್ರು. ಇಷ್ಟು ದಿನ ತಿಂದ್ರೂ ನೀನು ಹೊಲಿದಾಗ ಹೇಗಿತ್ತೋ ಹಾಗೇ ಇದೆ. ಕೂದಲೆಳೆಯಷ್ಟೂ ಬಿಗಿಯಾಗಿಲ್ಲ."

ಸೂಜಿ ಟೈಲರನ ಬೆರಳಿಗೆ ಚುಚ್ಚಿತು. ಎಷ್ಟೋ ವರ್ಷಗಳ ಮೇಲೆ ಚುಚ್ಚಿದ್ದು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು ಹೆಂಡತಿಯ ಕಡೆ ನೋಡಿದ. ಹೆಂಡತಿ ಅವನ ಮುಖ ನೋಡಿದಳು, ಇಸ್ತ್ರಿ ಹಲಗೆಯ ಕಡೆ ನೋಡಿದಳು, ಮತ್ತೆ ಅವನ ಮುಖ ನೋಡಿದಳು.

"ಏನ್ರೀ ಮಾಡಿದ್ದೀರಾ?" ಎಂದಳು.

ಟೈಲರು ಕಾಲರನ್ನು ಪಕ್ಕಕ್ಕಿಟ್ಟ. ಮಗಳು ಮುಖ ತೊಳೆಯಲು ಎದ್ದುಹೋದ ಸಂದಿನಲ್ಲಿ ಹಗ್ಗದ ಮೇಲಿದ್ದ ಅಂಗಿಯನ್ನು ಎಳೆದುಕೊಂಡು ಮಿಷಿನ್ನಿನ ಮುಂದೆ ಕೂತ. ಹೆಗಲು, ತೋಳುಗಳನ್ನು ಮೊದಲಿನ ಅಳತೆಗೆ ತಂದು ಹೊಲಿದು, "ಹಾಕ್ಕೊಂಡು ನೋಡಮ್ಮ" ಎಂದು ಕೊಟ್ಟ. ಹಾಕಿಕೊಂಡಳು. ತೋಳು ಮೊಣಕೈ ದಾಟಿ ಮೇಲೇರಲು ತಿಣುಕಿತು. ಹೆಗಲ ಬಳಿ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಿತು. ಅವಳ ಮುಖ ಅರಳುತ್ತದೆಂದು ಟೈಲರು ಕಾದ. ಅವಳ ಕಣ್ಣಲ್ಲಿ ನೀರು ಬಂತು.

"ಸಮಾಧಾನಕ್ಕೆ ಅಂತ ಬಿಗಿ ಮಾಡಿ ಹೊಲಿದ್ಯಾ ಅಪ್ಪ? ನಾನೇನು ಚಿಕ್ಕ ಮಗುವಾ?"

"ಇಲ್ಲಮ್ಮ, ಈಗ ಮಾಡಿದ್ದೇ ನಿಜವಾದ ಅಳತೆ. ಇಷ್ಟು ದಿನ ನಾನು ಸಡಿಲ ಮಾಡ್ತಾ ಇದ್ದೆ. ನಿನಗೆ ಮುಜುಗರ ಆಗಬಾರದು ಅಂತ."

"ಮ್ಯಾನೇಜರಿಗೆ ಬಟ್ಟೆ ಕುಗ್ಗಿದೆ ಅಂತೀಯ. ನನಗೆ ಇದನ್ನ ಹೇಳ್ತೀಯ. ಯಾರಿಗೆ ಏನು ಬೇಕೋ ಅದನ್ನ ಹೇಳ್ತೀಯ."

 ಇಷ್ಟು ವರ್ಷ ಊರಿಗೆಲ್ಲ ಹಂಚಿದ ಒಳ್ಳೆಯ ಸುಳ್ಳುಗಳೆಲ್ಲ ಸೇರಿ ತನ್ನ ಒಂದೇ ಒಂದು ನಿಜದ ಬಾಯಿ ಮುಚ್ಚಿಬಿಟ್ಟವಲ್ಲ ಎಂದು ಟೈಲರಿಗೆ ಸಂಕಟವಾಯಿತು. ಕೊನೆಗೆ ತಾಯಿಯೇ ತಾಳ್ಮೆಗೆಟ್ಟಳು.

"ಬಾಯಲ್ಲಿ ಹೇಳಿದ್ರೆ ಯಾರ್ರೀ ನಂಬ್ತಾರೆ? ಅಂಗಿ ತಿರುಗಿಸಿ ತೋರಿಸಿ."

ಒಳಗನ್ನು ತೋರಿಸುವುದೆಂದರೆ ಟೈಲರಿಗೆ ಪ್ರಾಣಸಂಕಟ. ಅಡುಗೆಯವನು ಸೀದ ತಳವನ್ನು ತೋರಿಸಿದ ಹಾಗೆ. ಆದರೂ ಮಗಳು ಒಳಗೆ ಹೋಗಿ ಬಿಚ್ಚಿ ತಂದ ಅಂಗಿಯನ್ನು ಇಸಿದುಕೊಂಡು ಒಳಮೈ ಹೊರಗೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದ. ಬಿಸಿಲಿಗೂ ಒಗೆತಕ್ಕೂ ಅಂಗಿಯೆಲ್ಲ ಮಾಸಿತ್ತು, ಆದರೆ ಹೆಗಲ ಹೊಲಿಗೆಯ ಒಳಗೆ ಮಡಿಚಿದ ಬಟ್ಟೆಯ ತುದಿಯಲ್ಲಿ ಅಂಗಡಿಯಿಂದ ಈಗ ತಂದಂಥ ದಟ್ಟ ಕಂದು ಪಟ್ಟಿ. ಅದಕ್ಕೆ ತಾಗಿ ಚೂರು ಮಾಸಿದ್ದು, ಅದಕ್ಕೆ ತಾಗಿ ಇನ್ನೂ ಮಾಸಿದ್ದು. ಒಂದೊಂದರ ಅಂಚಿಗೂ ಸಾಲಾಗಿ ಸೂಜಿಯ ತೂತು.

"ಇದು ಮೊದಲ ಸಲ ಬಿಚ್ಚಿದ್ದು. ಅದಕ್ಕೇ ಜಾಸ್ತಿ ಬಿಸಿಲು ಕಂಡು ಮಾಸಿದೆ," ಎಂದ ಟೈಲರು, ತಲೆ ತಗ್ಗಿಸಿಕೊಂಡು. "ಇದು ಆಮೇಲಿನದು. ಈ ದಟ್ಟಗಿರೋದು ಹೋದ ವಾರದ್ದು. ಬಣ್ಣ ಮಾಸೋದು ನನ್ನ ಕೈಲಿ ಇಲ್ಲವಲ್ಲಮ್ಮ."

ಮಗಳು ಒಂದೊಂದೇ ಸಾಲಿನ ಮೇಲೆ ಉಗುರು ಎಳೆದಳು. ತೋಳಿನ ಕಡೆಗೂ ಹಾಗೆಯೇ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಅಂಗಿಯನ್ನು ಕಸಿದುಕೊಂಡು ಸೊಂಟದ ಹೊಲಿಗೆ ಹುಡುಕಿದಳು. ಅಲ್ಲಿ ಮೊದಲ ದಿನ ಹಾಕಿದ ಒಂದೇ ಸಾಲಿತ್ತು.

"ಇಲ್ಲಿ ಬಿಚ್ಚಲಿಲ್ವಾ?"

"ಅಲ್ಲಿ ಯಾಕಮ್ಮ ಬಿಚ್ಚಲಿ? ಅಲ್ಲೇನೂ ಎಳೆದಿರಲಿಲ್ಲ."

ಅವಳು ಅಂಗಿಯನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡಳು. ಆಮೇಲೆ ಹೋಗಿ ಪಕ್ಕಕ್ಕೆ ಸರಿಸಿದ್ದ ತಟ್ಟೆಯನ್ನು ಎಳೆದುಕೊಂಡಳು. "ಅಮ್ಮ, ಮೊಟ್ಟೆ ಉಳಿದಿದೆಯಾ?" ಎಂದಳು. ತಾಯಿ ಹಣೆ ಚಚ್ಚಿಕೊಂಡು ಒಲೆ ಹಚ್ಚಿದಳು.

ಆಯ್ಕೆಗೆ ಅದೇ ಅಂಗಿಯನ್ನೇ ಹಾಕುತ್ತೇನೆಂದು ಮಗಳು ಹಟ ಹಿಡಿದಳು. ಕೈಯೆತ್ತಿದರೆ ಕಂಕುಳು ಹಿಡಿಯುತ್ತದೆ, ಚೂರೇ ಚೂರು ಸಡಿಲಿಸುತ್ತೇನೆ ಎಂದು ಟೈಲರು ಅಂಗಲಾಚಿದ.

"ಬ್ಲೇಡು ಮುಟ್ಟಿದ್ರೆ ನೋಡು," ಎಂದಳು ಅವಳು. "ಮೇಡಂ ಕಣ್ಣಿಗೆ ಕಾಣಬೇಕು."

ಆ ದಿನ ಅವನು ಅಂಗಡಿಗೆ ಬೀಗ ಹಾಕಿ ಹೆಂಡತಿಯೊಂದಿಗೆ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತ. ಬೇರೆಯವರ ಅಪ್ಪಂದಿರು ಗುಂಡು ನೋಡುತ್ತಿದ್ದರು, ಇವನು ಕಂಕುಳನ್ನೇ ನೋಡುತ್ತಿದ್ದ. ಕಡ್ಡಿ ವೃತ್ತದೊಳಗೆ ಬಂದು ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡಳು, ಬಾಗಿದಳು, ಗಿರ್ರನೆ ತಿರುಗಿ ಎಸೆದಳು. ಗುಂಡು ನೆಲಕ್ಕೆ ಬೀಳುವ ಮೊದಲೇ ಪರ್ರೆಂಬ ಸದ್ದು ಮೆಟ್ಟಿಲವರೆಗೂ ಕೇಳಿಸಿತು. ಅಂಗಿ ಹೆಗಲಿನಿಂದ ಕಂಕುಳವರೆಗೆ ಸೀಳಿತ್ತು. ಒಳಗಿನ ಬನಿಯನ್ನಿನ ಆಚೆ ದುಂಡಗಿನ ಹೆಗಲು ಎಲ್ಲರಿಗೂ ಕಾಣುವಂತೆ ಹೊರಗೆ ಬಂದಿತ್ತು.

ಗುಂಡು ಬಿದ್ದ ಜಾಗಕ್ಕೆ ಅಳತೆ ಪಟ್ಟಿ ಹಿಡಿದವರು ಇನ್ನೂ ಮುಂದೆ, ಇನ್ನೂ ಮುಂದೆ ಎಂದು ನಡೆದರು. ಮೇಡಂ ಬಂದು ಮೊದಲು ಆ ಹೆಗಲನ್ನು ನೋಡಿದರು, ಆಮೇಲೆ ಸೊಂಟದ ಬಳಿ ಸಡಿಲವಾಗಿ ನಿಂತ ಬಟ್ಟೆಯನ್ನು ನೋಡಿದರು. ಅವಳ ಬೆನ್ನು ತಟ್ಟಿ, ಆಯ್ಕೆಯಾದವರು ನಿಂತಿದ್ದ ಕಡೆಗೆ ಕಳಿಸಿದರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಸಾಲಿನ ಮನುಷ್ಯ ನಗುತ್ತ ಹಿಂದಕ್ಕೆ ತಿರುಗಿದ. "ನೋಡಿದ್ರಾ ಸಾರ್, ಒಂದೇ ಎಸೆತಕ್ಕೆ ಹೇಗೆ ಹರಿದುಹೋಯ್ತು! ಆ ಅಂಗಿ ಹೊಲಿದ ಪುಣ್ಯಾತ್ಮ ಯಾರೋ."

"ನಾನೇ," ಎಂದ ಟೈಲರು, ಎದೆಯುಬ್ಬಿಸಿ. "ಬಟ್ಟೆ ಕುಗ್ಗಿಲ್ಲ ಸಾರ್. ನನ್ನ ಮಗಳು ದಪ್ಪಗಾಗಿದ್ದಾಳೆ."