ಕೆಂಪು ಏರಿನಲ್ಲಿ ಕುದಿಯುತ್ತಿದ್ದ ಪಿಕಪ್ಪು

ಅಮೆರಿಕದ ನಮ್ಮ ನವಾಹೋ ಜನರ ಸೀಮೆಯಲ್ಲಿ ನಲ್ಲಿ ಇಲ್ಲದ ಮನೆಗೆ ಪಿಕಪ್ಪೇ ನಲ್ಲಿ. ಅದು ನಿಂತರೆ ನೀರು ನಿಂತಂತೆ.

ಎಥೆಲ್ ಅಜ್ಜಿಯ ಮನೆ ಕೆಂಪು ಏರಿನ ಮೇಲಿದೆ. ಬಾವಿ ಏರಿನ ಕೆಳಗಿದೆ. ಅಜ್ಜಿಯ ಹಟ್ಟಿಯ ಕುರಿಗಳಿಗೆಲ್ಲ ನೀರು ಬರುವುದು ಒಂದೇ ದಾರಿಯಲ್ಲಿ: ಹಳೆಯ ಪಿಕಪ್ಪಿನ ಬೆನ್ನ ಮೇಲೆ, ದೊಡ್ಡ ಬಿಳಿ ಟ್ಯಾಂಕಿನಲ್ಲಿ. ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಮಗ್ಗದಲ್ಲಿ ಕಂಬಳಿ ನೇಯ್ದು ಬದುಕಿದ ಜೀವ ಅಜ್ಜಿಯದು.

ಬೇಸಿಗೆಯ ಮೊದಲಿಂದ ಪಿಕಪ್ಪು ಏರಿನ ಅರ್ಧದಲ್ಲಿ ಕುದಿಯತೊಡಗಿತು. ಅಜ್ಜಿ ಕೊನೆಗೆ ಹೇಳಿಬಿಟ್ಟರು. "ಈ ಶನಿವಾರದ ನೀರು ಮೇಲೆ ಬಂದರೆ ಸರಿ. ಬರದಿದ್ದರೆ ಕುರಿಗಳನ್ನ ಸಂತೆಗೆ ಕಳಿಸ್ತೀನಿ. ಬಾಯಾರಿದ ಕುರಿ ಕೂಗೋದನ್ನ ನನ್ನ ಕೈಲಿ ಕೇಳೋಕಾಗಲ್ಲ."

ಅಜ್ಜಿಯ ಮಗಳು ವರ್ನಾ ಆ ಮಾತನ್ನು ಗಂಡ ಲೆಲಾಂಡನಿಗೆ ತಲುಪಿಸಿದಳು. ತಲುಪಿಸಲೇಬೇಕಿತ್ತು. ನಮ್ಮ ಹಳೆಯ ಮನೆಗಳಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ಅದು ಗೌರವ. ಅಜ್ಜಿ ಅದನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಹಾಗಾಗಿ ನೀರಿಗೆ ಹೋಗುವಾಗ ಗಾಡಿ ಓಡಿಸುವುದು ವರ್ನಾ, ಪಕ್ಕದಲ್ಲಿ ಕೂರುವುದು ಅಜ್ಜಿ. ರಿಪೇರಿ ಮಾಡುವುದು ಲೆಲಾಂಡ್. ರಿಪೇರಿ ಆದ ಮೇಲೆ ಅವನು ಖಾಲಿ ಗಾಡಿಯನ್ನು ಕೆಳಗಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದು ನಿಲ್ಲಿಸುತ್ತಾನೆ.

"ನನ್ನ ಕೈಲಿ ಚೆನ್ನಾಗೇ ಓಡುತ್ತಲ್ಲ," ಎಂದ ಲೆಲಾಂಡ್. "ಹೊಸ ರೇಡಿಯೇಟರ್ ಹಾಕಿದೆ. ಥರ್ಮೋಸ್ಟಾಟ್ ಬದಲಾಯಿಸಿದೆ. ನೀರಿನ ಪಂಪೂ ಹೊಸದು. ಇನ್ನೇನು ಉಳೀತು? ನೀನು ಗೇರು ಸರಿಯಾಗಿ ಹಾಕಲ್ಲ."

"ಹೌದಪ್ಪ, ತಪ್ಪೆಲ್ಲ ನನ್ನ ಕೈಯದೇ," ಎಂದಳು ವರ್ನಾ. "ಫ್ಲೋರೀನ್‌ಗೆ ಬರೋಕೆ ಹೇಳಿದ್ದೀನಿ."

ಲೆಲಾಂಡ್ ಮುಖ ಸೊಟ್ಟ ಮಾಡಿದ. ಫ್ಲೋರೀನ್ ಅವನ ಸೋದರತ್ತೆಯ ಮಗಳು, ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವವಳು. ಅತ್ತೆಯ ಮಗಳೆಂದರೆ ನಮ್ಮಲ್ಲಿ ಛೇಡಿಸುವ ಹಕ್ಕು ಹುಟ್ಟಿನಿಂದಲೇ ಬರುತ್ತದೆ.

ಶುಕ್ರವಾರ ಮಧ್ಯಾಹ್ನ ಅವಳು ಬಂದಳು. ಕುರಿಮಾಂಸದ ಸಾರು ಕುಡಿದು, ಕೈ ಒರೆಸಿಕೊಂಡು, ಬಾನೆಟ್ ಎತ್ತಿದಳು.

"ಅಬ್ಬಾ, ಎಲ್ಲ ಹೊಸದು. ಅಂಗಡಿಯೋನು ನಿನ್ನ ಫೋಟೋ ಗೋಡೆಗೆ ಹಾಕಿದ್ದಾನೇನೋ?"

"ನಗಬೇಡ ಮಾರಾಯ್ತಿ. ಎಲ್ಲಿ ತೊಂದರೆ ಅಂತ ಹೇಳು."

"ನನಗೇನು ಗೊತ್ತು? ಏರಿನಲ್ಲಿ ಕೂತವರನ್ನ ಕೇಳಿದ್ಯಾ?"

"ವರ್ನಾ ಹೇಳ್ತಾಳೆ, ಕುದಿಯುತ್ತೆ ಅಂತ."

"ವರ್ನಾ ಕಣ್ಣು ರಸ್ತೆ ಮೇಲಿರುತ್ತೆ. ಪಕ್ಕದಲ್ಲಿ ಸುಮ್ಮನೆ ಕೂತು ಎಲ್ಲ ನೋಡೋರು ಯಾರು?"

ಅತ್ತೆಯನ್ನು ಲೆಲಾಂಡ್ ಕೇಳುವುದು ಹೇಗೆ?

ಫ್ಲೋರೀನ್ ಬಾಗಿಲ ಹತ್ತಿರ ಹೋದಳು. ಅವಳು ಒಳಗೆ ಮಗ್ಗದ ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿ, ಉತ್ತರವನ್ನು ಹೊರಗೆ ಕೂಗಿ ಹೇಳಿದಳು. ಅಜ್ಜಿ ನೇಯ್ಗೆ ನಿಲ್ಲಿಸದೆ ಹೇಳಿದ್ದು ಇಷ್ಟು: "ಮೊದಲು ಗಾಡಿಗೆ ಸೋಮಾರಿತನ ಬರುತ್ತೆ. ಬಿಸಿ ಆಮೇಲೆ. ಮುದಿ ಕತ್ತೆ ಥರ ಉಸಿರು ಬಿಡುತ್ತೆ, ಹೆಜ್ಜೆ ಇಡಲ್ಲ. ನಿಂತ ಮೇಲೆ ಬಗ್ಗಿ ನೋಡಿದೆ. ಹೊಗೆ ಹೋಗೋ ಕೊಳವೆ ಕೆಂಡದ ಹಾಗೆ ಕೆಂಪಾಗಿತ್ತು. ನೀರು ಎಲ್ಲೂ ಸೋರಿರಲಿಲ್ಲ. ಇದನ್ನೆಲ್ಲ ನನ್ನ ಯಾರು ಕೇಳಿದ್ರು?"

ಫ್ಲೋರೀನ್ ತಿರುಗಿದಳು. "ಕೇಳಿಸ್ತಾ? ಮೊದಲು ಸೋಮಾರಿ, ಆಮೇಲೆ ಬಿಸಿ. ಇದು ನೀರಿನ ಕಾಯಿಲೆ ಅಲ್ಲ ಕಣೋ. ಕಿಡಿ ತಡವಾಗಿ ಹತ್ತುತ್ತಾ ಇದೆ."

"ಸಾಧ್ಯವೇ ಇಲ್ಲ. ಕಿಡಿ ಹತ್ತೋ ಟೈಮಿಂಗ್ ನಾನೇ ಮಿನುಗೋ ಲೈಟ್ ಹಿಡಿದು ಕೂರಿಸಿದ್ದೀನಿ. ಚಕ್ರದ ಗೆರೆ ಸರಿಯಾದ ಅಂಕಿ ಮೇಲೇ ಇದೆ. ಬಾ, ತೋರಿಸ್ತೀನಿ."

"ಲೈಟು ಸುಳ್ಳು ಹೇಳಲ್ಲ. ಗೆರೆ ಹೇಳಬಹುದು."

ಅವಳು ಬಿಡಿಸಿ ಹೇಳಿದಳು. ಪಿಸ್ಟನ್ ಪೂರ್ತಿ ಮೇಲೆ ಬರುವ ಸ್ವಲ್ಪ ಮುಂಚೆ ಕಿಡಿ ಹತ್ತಬೇಕು. ಆಗ ಬೆಂಕಿಯ ಬಲವೆಲ್ಲ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ತಡವಾದರೆ ಅರ್ಧ ಬೆಂಕಿ ಕೆಲಸ ಮಾಡದೆ ಹೊಗೆಯ ಕೊಳವೆಗೆ ಓಡುತ್ತದೆ. ಬಲ ಕಡಿಮೆ, ಕಾವು ಹೆಚ್ಚು. ಖಾಲಿ ಗಾಡಿ ಸಪಾಟಿನಲ್ಲಿ ಅದನ್ನು ಹೇಗೋ ತಾಳಿಕೊಳ್ಳುತ್ತದೆ. ತುಂಬಿದ ಟ್ಯಾಂಕು ಹೊತ್ತು ಏರು ಹತ್ತುವಾಗ ತಾಳದು.

"ಇಂಜಿನ್ ಮುಂದಿನ ಈ ಚಕ್ರ ನೋಡು. ಗೆರೆ ಇರೋದು ಹೊರಗಿನ ಬಳೆ ಮೇಲೆ. ಬಳೆಗೂ ಒಳಗಿನ ಚಕ್ರಕ್ಕೂ ನಡುವೆ ಇರೋದು ಬರೀ ರಬ್ಬರು. ರಬ್ಬರಿಗೆ ನಮ್ಮ ಮದುವೆಗಳಿಗಿಂತ ಜಾಸ್ತಿ ವಯಸ್ಸಾಗಿದೆ. ಅದು ಸಡಿಲಾದರೆ ಬಳೆ ಜಾರುತ್ತೆ, ಗೆರೆನೂ ಜೊತೆಗೆ ಜಾರುತ್ತೆ."

"ಜಾರಿಲ್ಲದಿದ್ರೆ?"

"ಒಂದು ವಾರ ನಿನ್ನನ್ನ ಛೇಡಿಸಲ್ಲ."

ಲೆಲಾಂಡನಿಗೆ ಅದು ಒಳ್ಳೆಯ ಪಂದ್ಯವೇ ಅನ್ನಿಸಿತು. ಇಂಜಿನ್ ತಣ್ಣಗಾಗಿತ್ತು. ಫ್ಲೋರೀನ್ ಬ್ಯಾಟರಿಯ ತಂತಿ ತೆಗೆಸಿದಳು. ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ತೂತಿಗೆ ತಡೆಗೋಲೊಂದನ್ನು ತಿರುಗಿಸಿ ಕೂರಿಸಿದಳು. ಹಳೆಯ ಪ್ಲಗ್ಗಿನ ಹೊಟ್ಟೆ ತೆಗೆದು ಬೋಲ್ಟು ಸೇರಿಸಿ ಅವಳೇ ಮಾಡಿಕೊಂಡದ್ದು ಅದು. ಪಿಸ್ಟನ್ ಮೇಲೆ ಬರುವಾಗ ಅದಕ್ಕೆ ತಾಗಿ ನಿಲ್ಲಬೇಕು.

"ಚಕ್ರದ ನಡುವಿನ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನ ತಿರುಗಿಸು. ತಾಗಿದ ಕೂಡಲೇ ನಿಲ್ಲಿಸು, ಬಲ ಹಾಕಬೇಡ."

ತಾಗಿತು. ಚಕ್ರದ ಪಕ್ಕದಲ್ಲಿದ್ದ ಅಂಕಿಪಟ್ಟಿಯ ಸೊನ್ನೆಗೆ ನೇರವಾಗಿ ಚಕ್ರದ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಹಿಂದಕ್ಕೆ ತಿರುಗಿಸಿದರು. ಆ ಕಡೆಯಿಂದಲೂ ತಾಗಿತು. ಇನ್ನೊಂದು ಗುರುತು ಬಿತ್ತು. ಪಿಸ್ಟನ್ ತುತ್ತತುದಿಗೆ ಬರುವ ನಿಜವಾದ ಜಾಗ ಈ ಎರಡು ಗುರುತಿನ ನಟ್ಟನಡುವೆ. ಕಾರ್ಖಾನೆಯ ಹಳೆಯ ಗೆರೆ ಅಲ್ಲೇ ಇರಬೇಕಿತ್ತು. ಅದು ಹೆಬ್ಬೆರಳಿನ ಅಗಲದಷ್ಟು ಆಚೆ ಹೋಗಿ ಕೂತಿತ್ತು.

ಲೆಲಾಂಡ್ ಹೆಬ್ಬೆರಳಿಟ್ಟು ಅದನ್ನು ಮತ್ತೊಮ್ಮೆ ಅಳೆದ.

"ಹಾಗಾದರೆ ಆ ರೇಡಿಯೇಟರು?"

"ಚೆನ್ನಾಗಿದೆ. ಇಟ್ಕೋ."

ನಡುವಿನಲ್ಲಿ ಬಿಳಿ ಬಣ್ಣದಿಂದ ಹೊಸ ಗೆರೆ ಎಳೆದರು. ತಡೆಗೋಲು ತೆಗೆದು ಪ್ಲಗ್ ಹಾಕಿ, ಬ್ಯಾಟರಿ ಜೋಡಿಸಿ, ಹೊಸ ಗೆರೆಗೆ ಲೈಟ್ ಹಿಡಿದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಟೈಮಿಂಗ್ ಕೂರಿಸಿದರು. ಇಂಜಿನ್ನಿನ ದನಿ ಅಲ್ಲೇ ಬದಲಾಯಿತು. ಮನೆಯೊಳಗೆ ಮಗ್ಗದ ಸದ್ದು ನಿಂತಿತು.

"ನಾಳೆ ನೀನೇ ಓಡಿಸಬೇಕು," ಎಂದಳು ಫ್ಲೋರೀನ್. "ಟ್ಯಾಂಕು ತುಂಬಿಸಿಕೊಂಡು, ಏರಿನಲ್ಲಿ. ಅಜ್ಜಿ ಮನೇಲಿರಲಿ, ನಾನು ಪಕ್ಕದಲ್ಲಿ ಕೂರ್ತೀನಿ."

ಶನಿವಾರ ಬೆಳಿಗ್ಗೆ ಪಿಕಪ್ಪು ಬಾವಿಯಿಂದ ಹೊರಟಿತು. ಏರಿನ ಕಡಿದಾದ ತಿರುವಿನಲ್ಲಿ ಡಬ್ಬಿಯಲ್ಲಿ ಗೋಲಿ ಅಲುಗಿದ ಹಾಗೆ ಸಣ್ಣ ಸದ್ದು ಕೇಳಿಸಿತು.

"ನಿಲ್ಲಿಸು. ಈಗ ಕಿಡಿ ಒಂಚೂರು ಬೇಗ ಹತ್ತುತ್ತಾ ಇದೆ. ಅದೂ ಇಂಜಿನ್ ಕಾಯಿಸುತ್ತೆ, ಪಿಸ್ಟನ್ ತಿನ್ನುತ್ತೆ." ಫ್ಲೋರೀನ್ ಇಳಿದು ಟೈಮಿಂಗನ್ನು ಚೂರು ಹಿಂದಕ್ಕೆ ತಂದಳು. ಮತ್ತೆ ಹೊರಟರು. ಸದ್ದಿಲ್ಲ. ಇಂಜಿನ್ನಿನ ಕಾವು ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತ್ತು. ಲೆಲಾಂಡನ ಕಣ್ಣು ಆ ಮುಳ್ಳನ್ನು ಬಿಟ್ಟು ಕದಲಲಿಲ್ಲ.

"ರಸ್ತೆ ನೋಡೋ," ಎಂದಳು ಫ್ಲೋರೀನ್. "ಕುರಿ ಉಳೀತು, ನಾವೂ ಉಳಿಯೋಣ."

ಹಟ್ಟಿಯ ತೊಟ್ಟಿಗೆ ನೀರು ಬಿದ್ದ ಸದ್ದಿಗೆ ಕುರಿಗಳು ಓಡಿ ಬಂದವು. ಲೆಲಾಂಡ್ ಟ್ಯಾಂಕಿನ ಹಿಂದೆ ಸರಿದು ನಿಂತ. ಅಜ್ಜಿ ಬಾಗಿಲಿಗೆ ಬಂದು, ಅವನತ್ತ ನೋಡದೆ ಮಗಳಿಗೆ ಹೇಳಿದರು. "ಸಂತೆಗೆ ಹೋಗೋದು ಬೇಡ. ಒಂದು ಕರಿ ಮರಿ ಇದೆಯಲ್ಲ, ಅದು ನಿನ್ನ ಗಂಡನದು ಅಂತ ಹೇಳು. ಆ ಸಡಿಲ ಚಕ್ರ ಬೇಗ ಬದಲಾಯಿಸಲಿ ಅಂತಲೂ ಹೇಳು."

ಲೆಲಾಂಡನಿಗೆ ಎಲ್ಲ ಕೇಳಿಸಿತ್ತು. ಆದರೂ ವರ್ನಾ ಬಂದು ಹೇಳುವ ತನಕ ಕಾದ.

ಕೇಳುವವರೇ, ನಿಮ್ಮ ಹಳೆಯ ಗಾಡಿ ಕುದಿದರೆ ಮೊದಲು ನಿಲ್ಲಿಸಿ. ಇಂಜಿನ್ ತಣಿಯುವ ಮುಂಚೆ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ, ಮುಖ ಸುಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ನೀರು, ಫ್ಯಾನಿನ ಬೆಲ್ಟು, ಥರ್ಮೋಸ್ಟಾಟ್ ನೋಡಿ. ಅವೆಲ್ಲ ಸರಿಯಿದ್ದೂ ಗಾಡಿಗೆ ಬಲವಿಲ್ಲದಿದ್ದರೆ ಮತ್ತೊಂದು ಭಾಗ ಕೊಳ್ಳಬೇಡಿ, ಟೈಮಿಂಗ್ ನೋಡಿಸಿ. ಗೆರೆ ತನ್ನ ಜಾಗದಲ್ಲೇ ಇದೆಯೇ ಎಂದು ತಡೆಗೋಲು ಹಾಕಿಸಿ ಪಿಸ್ಟನ್ನನ್ನೇ ಕೇಳಿ. ಬಳೆ ಜಾರಿದ್ದರೆ ಬಿಳಿ ಗೆರೆಯನ್ನು ನಂಬಿಕೊಂಡು ಬಹಳ ದಿನ ಕೂರಬೇಡಿ, ಚಕ್ರ ಬದಲಾಯಿಸಿ. ಗಾಡಿಯನ್ನು ಪರೀಕ್ಷಿಸುವುದಾದರೆ ಅದು ದಿನಾ ಹೊರುವ ಭಾರ ಹೊರಿಸಿ, ದಿನಾ ಹತ್ತುವ ಏರಿನಲ್ಲೇ ಪರೀಕ್ಷಿಸಿ.

ಎಲ್ಲಕ್ಕಿಂತ ಮೊದಲು, ಪಕ್ಕದ ಸೀಟಿನಲ್ಲಿ ಕೂರುವವರನ್ನು ಕೇಳಿ. ನೇರವಾಗಿ ಕೇಳಲಾಗದಿದ್ದರೆ ಬೇರೆಯವರ ಬಾಯಲ್ಲಾದರೂ ಕೇಳಿಸಿ.