ಎಡಗಡೆಯ ಟಿಕ್

ಗ್ರಂಥಪಾಲಕಿಗೆ ತಾಯಿ ತಂದೆ ಇಟ್ಟ ಹೆಸರು ಏನೇ ಇರಲಿ, ಕಾಲೇಜಿನಲ್ಲಿ ಅವಳು ಟಿಕ್ಕಮ್ಮ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಪ್ರತಿ ಮಂಗಳವಾರ ಕಿಟಕಿ ಪಕ್ಕದ ಕಂಪ್ಯೂಟರಿನ ಸುತ್ತ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಆನ್‌ಲೈನ್ ಡೇಟಾಬೇಸಿನಲ್ಲಿ ಸಂಶೋಧನಾ ಲೇಖನ ಹುಡುಕುವುದು ಹೇಗೆಂದು ಪಾಠ ಮಾಡುತ್ತಿದ್ದಳು. ಪಾಠ ಅನ್ನುವುದಕ್ಕಿಂತ ಗದರಿಕೆ ಅಂದರೆ ಸರಿ.

"ಉದ್ದುದ್ದ ವಾಕ್ಯ ಬರೀತೀರಲ್ಲ, ಅದೇನು ನಿಮ್ಮ ಅಜ್ಜೀನಾ, ಕೂತು ಕಥೆ ಹೇಳೋಕೆ? ಮುಖ್ಯವಾದ ಎರಡು ಮೂರು ಪದ ಹಾಕಿ, ಸಾಕು. ಒಬ್ಬನೇ ಮನುಷ್ಯನ್ನ ಮಗ ಅಪ್ಪ ಅಂತಾನೆ, ಮಾವ ಅಳಿಯ ಅಂತಾನೆ. ವಿಷಯಾನೂ ಹಾಗೇ. ಒಂದು ಹೆಸರಿಗೆ ಓಗೊಡದಿದ್ರೆ ಇನ್ನೊಂದು ಹೆಸರಲ್ಲಿ ಕರೀರಿ. ಜೊತೇಲೇ ಇರಬೇಕಾದ ಪದಗಳನ್ನ ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲಾಂದ್ರೆ ಸಂತೇಲಿ ಕೈ ಬಿಟ್ಟ ಮಕ್ಕಳ ಹಾಗೆ ದಿಕ್ಕಿಗೊಂದು ಹೋಗ್ತವೆ. ಒಂದು ಒಳ್ಳೇ ಲೇಖನ ಸಿಕ್ಕಿದ್ರೆ ಅದರ ಕೊನೇಲಿರೋ ಆಕರಗಳನ್ನ ನೋಡಿ, ಅದರ ನೆಂಟರಿಷ್ಟರೆಲ್ಲ ಅಲ್ಲೇ ಸಿಗ್ತಾರೆ."

ಇಷ್ಟು ಹೇಳಿ, ಉಸಿರು ಎಳೆದುಕೊಂಡು, ಕೊನೆಗೆ ಧ್ವನಿ ಏರಿಸುತ್ತಿದ್ದಳು. "ಎಲ್ಲಕ್ಕಿಂತ ಮೊದಲು ಎಡಗಡೆ ಟಿಕ್ ನೋಡಿ!"

ಇಡೀ ಗ್ರಂಥಾಲಯಕ್ಕೆ ಡೇಟಾಬೇಸಿನ ಖಾತೆ ಒಂದೇ. ಮುಂಚೆ ಕೂತವರು ಪರದೆಯ ಎಡಗಡೆ "ಈ ವರ್ಷದ್ದು ಮಾತ್ರ", "ಈ ವಿಭಾಗದ್ದು ಮಾತ್ರ" ಎಂದು ಟಿಕ್ ಹಾಕಿ ಎದ್ದು ಹೋದರೆ, ಆಮೇಲೆ ಬಂದವರಿಗೂ ಯಂತ್ರ ಅಷ್ಟನ್ನೇ ತೋರಿಸುತ್ತದೆ. ಮಿಕ್ಕಿದ್ದು ಇದೆಯೆಂದು ಬಾಯಿ ಬಿಡುವುದಿಲ್ಲ. ಟಿಕ್ ಅಳಿಸದೆ ಎದ್ದವರನ್ನು ಟಿಕ್ಕಮ್ಮ ಬಾಗಿಲಿನಿಂದ ವಾಪಸ್ ಕರೆಸಿ ಅವರ ಕೈಯಿಂದಲೇ ತೆಗೆಸುತ್ತಿದ್ದಳು. ಒಮ್ಮೆ ಪ್ರಾಂಶುಪಾಲರನ್ನೂ ಬಿಟ್ಟಿರಲಿಲ್ಲ.

ಫಿಸಿಯೋಥೆರಪಿಯ ಕೊನೆಯ ವರ್ಷದ ಹುಡುಗಿಯೊಬ್ಬಳು ಅವಳಿಗೆ ಅಚ್ಚುಮೆಚ್ಚು. ಹುಡುಗಿಯ ತಾಯಿ ದರ್ಜಿ. ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂತು ಕೂತು ಆಕೆಯ ಕತ್ತು ಮರಗಟ್ಟಿತ್ತು. ಯಾರಾದರೂ ಕರೆದರೆ ಕತ್ತು ತಿರುಗಿಸುವ ಮಾತೇ ಇಲ್ಲ, ಕುರ್ಚಿ ಸಮೇತ ಇಡೀ ಮೈಯನ್ನೇ ತಿರುಗಿಸುತ್ತಿದ್ದಳಂತೆ. ಮಗಳು ಅದನ್ನೇ ಪ್ರಬಂಧದ ವಿಷಯ ಮಾಡಿಕೊಂಡಿದ್ದಳು: ದರ್ಜಿಗಳ ಕತ್ತು ನೋವು.

ಬುಧವಾರ ಅವಳು ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಹುಡುಕಿದಳು. ದರ್ಜಿ, ಹೊಲಿಗೆಯವರು, ಗಾರ್ಮೆಂಟ್ ಕೆಲಸಗಾರರು, ಹೀಗೆ ಎಲ್ಲ ಹೆಸರಲ್ಲೂ ಕರೆದಳು. ಉತ್ತರ ಸೊನ್ನೆ. ಟಿಕ್ಕಮ್ಮ ಆಗ ಫೋನಿನಲ್ಲಿ ಅಕ್ಕನ ಜೊತೆ ಯಾವುದೋ ಜಗಳದ ನಡುವೆ ಇದ್ದಳು. ಅಲ್ಲಿಂದಲೇ ಬಗ್ಗಿ ನೋಡಿ, ಪದಗಳೆಲ್ಲ ಸರಿಯಾಗಿವೆ ಎಂದು ಕಂಡು, "ಭೇಷ್! ಹಾಗಾದ್ರೆ ಯಾರೂ ಮಾಡಿಲ್ಲ ಅಂತ ಅರ್ಥ" ಅಂದುಬಿಟ್ಟಳು.

ಹುಡುಗಿಯ ಮಾರ್ಗದರ್ಶಕರಿಗೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಪ್ರಪ್ರಥಮ ಮೇಷ್ಟ್ರು. ಯಾವ ಕೆಲಸವೂ ಪ್ರಪಂಚದಲ್ಲೇ ಮೊದಲನೆಯದಾಗದಿದ್ದರೆ ಅವರಿಗೆ ರುಚಿಸದು. ಶೀರ್ಷಿಕೆಗೇ "ವಿಶ್ವದ ಪ್ರಪ್ರಥಮ ಅಧ್ಯಯನ" ಎಂದು ಸೇರಿಸಿದರು. ಶುಕ್ರವಾರ ಹೊರಗಿನ ಪರೀಕ್ಷಕರೊಬ್ಬರು ಬಂದು ವಿಷಯ ಒಪ್ಪಬೇಕಿತ್ತು. ಒಪ್ಪದಿದ್ದರೆ ಹುಡುಗಿಗೆ ಒಂದು ವರ್ಷ ಹೋದಂತೆಯೇ.

ಶುಕ್ರವಾರ ಬೆಳಿಗ್ಗೆ ಟಿಕ್ಕಮ್ಮ ಅದೇ ಕಂಪ್ಯೂಟರಿನ ಮುಂದೆ ಕೂತು, ಅಭ್ಯಾಸಬಲದಿಂದ ಎಡಗಡೆ ನೋಡಿದಳು. ಅಲ್ಲೊಂದು ಟಿಕ್ ಇತ್ತು: "ದಂತವೈದ್ಯಕೀಯ ಮಾತ್ರ".

"ಯಾವ ಮೂದೇವಿ ಇದು..." ಎಂದು ಬೈಯಲು ಬಾಯಿ ತೆರೆದವಳು ಅಲ್ಲೇ ನಿಲ್ಲಿಸಿದಳು. ಮಂಗಳವಾರ ಹಲ್ಲಿನ ವಿಭಾಗದವರಿಗೆ ಪಾಠ ಮಾಡಿದ ಮೂದೇವಿ ತಾನೇ. ಹಲ್ಲಿನ ಪತ್ರಿಕೆಗಳಲ್ಲಿ ದರ್ಜಿಯ ಕತ್ತು ಹುಡುಕಿದರೆ ಸೊನ್ನೆಯಲ್ಲದೆ ಇನ್ನೇನು ಬರುತ್ತದೆ? ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ. ಟಿಕ್ ತೆಗೆದು ಹುಡುಗಿಯ ಪದಗಳನ್ನೇ ಹಾಕಿದಳು. ಲೇಖನಗಳು ನೂರಾರು, ದಂಡಿನಂತೆ ಬಂದು ನಿಂತವು.

ಸುಮ್ಮನಿದ್ದುಬಿಟ್ಟರೆ ಟಿಕ್ ಹಾಕಿದ್ದು ಯಾರೆಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದೂ ನಿಜ. ಆದರೆ ಪರೀಕ್ಷಕರ ಮುಂದೆ ಆ ಹುಡುಗಿ ಪೆಚ್ಚಾಗಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ಮುಖ್ಯವಾದ ಹತ್ತಾರು ಲೇಖನಗಳನ್ನು ಮುದ್ರಿಸಿ, ಬಗಲಿಗೆ ಅವುಚಿಕೊಂಡು, ಸದ್ದು ಮಾಡಬೇಡಿ ಎಂದು ತಾನೇ ಬೋರ್ಡು ಹಾಕಿದ್ದ ಮೆಟ್ಟಿಲುಗಳ ಮೇಲೆ ದಡದಡ ಓಡಿದಳು.

ಹುಡುಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಸಭೆಯ ಕೋಣೆಯ ಹೊರಗೆ ಕೂತಿದ್ದಳು. ಪಕ್ಕದಲ್ಲಿ ಪ್ರಪ್ರಥಮ ಮೇಷ್ಟ್ರು.

"ತಪ್ಪು ನಂದು," ಅಂದಳು ಟಿಕ್ಕಮ್ಮ, ಏದುಸಿರು ಬಿಡುತ್ತಾ. "ಹಲ್ಲಿನ ಟಿಕ್ ಅಳಿಸದೆ ಎದ್ದುಬಿಟ್ಟೆ. ನೀನು ಮಾಡೋಕೆ ಹೊರಟಿರೋದನ್ನ ಬೇಕಾದಷ್ಟು ಜನ ಆಗಲೇ ಮಾಡಿದಾರೆ ಕಣಮ್ಮ."

"ನೀವಾ?" ಮೇಷ್ಟ್ರ ಹುಬ್ಬು ಹಣೆ ಹತ್ತಿತು. "ನೀವೇ ಟಿಕ್ ಬಿಟ್ರಾ?"

"ಹೌದು, ನಾನೇ. ನೀವು ಆಮೇಲೆ ನಗಿ, ಈಗ ಆ ಪ್ರಪ್ರಥಮ ಅನ್ನೋದನ್ನ ಹೊಡೆದು ಹಾಕಿ."

ಹುಡುಗಿ ಹಾಳೆಗಳನ್ನು ತಿರುವಿದಳು. ಒಂದು ಲೇಖನ ಯಾವುದೋ ದೇಶದ ಕಾರ್ಖಾನೆಯದು, ಇನ್ನೊಂದು ಕಡಲಾಚೆಯ ದ್ವೀಪದ್ದು. ಅವಳ ಕಣ್ಣು ತುಂಬಿತು. ಟಿಕ್ಕಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮೇಡಂ," ಅಂದಳು ಹುಡುಗಿ, "ಇಷ್ಟೊಂದು ಜನ ನಮ್ಮಮ್ಮನ ಕತ್ತಿನ ಬಗ್ಗೆ ಯೋಚನೆ ಮಾಡಿದಾರಾ?"

ಅದು ದುಃಖದ ಕಣ್ಣೀರಲ್ಲವೆಂದು ಟಿಕ್ಕಮ್ಮನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದಾಗ ಅವಳ ಮೂಗಿನ ತುದಿಯೂ ಕೆಂಪಾಯಿತು. ಹುಡುಗಿ ಅಷ್ಟರಲ್ಲಿ ಒಂದು ಲೇಖನದಲ್ಲಿ ಬೆರಳಿಟ್ಟು, ಫೋನ್ ಕಿವಿಗೆ ಹಿಡಿದಿದ್ದಳು.

"ಅಮ್ಮಾ, ಯಂತ್ರದ ಮೇಜಿನ ಹಿಂದಿನ ಎರಡು ಕಾಲ ಕೆಳಗೆ ಮರದ ತುಂಡು ಕೊಡು. ಮೇಜು ನಿನ್ನ ಕಡೆ ಸ್ವಲ್ಪ ಇಳಿಜಾರಾಗಲಿ, ಆಗ ನೀನು ಬಗ್ಗೋದು ತಪ್ಪತ್ತೆ. ಜಾರದ ಹಾಗೆ ಭದ್ರ ಮಾಡು... ಇಲ್ಲಮ್ಮ, ನಾನು ಹೇಳ್ತಿಲ್ಲ. ಪ್ರಪಂಚ ಹೇಳ್ತಿದೆ!"

ಒಳಗೆ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ, ಈ ಮೊದಲು ಯಾರು ಯಾರು ಏನು ಮಾಡಿದ್ದಾರೆ ಎಂದು. ಹುಡುಗಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಈಗ ಕೈಯಲ್ಲಿರುವ ಲೇಖನಗಳೆಲ್ಲ ಕಾರ್ಖಾನೆಯವರ ಬಗ್ಗೆ, ಮನೆಯಲ್ಲೇ ಕೂತು ಒಲೆ, ಪಾತ್ರೆ, ಮಕ್ಕಳ ನಡುವೆ ಹೊಲಿಯುವವರನ್ನು ತಾನು ನೋಡುತ್ತೇನೆ, ಇನ್ನೂ ಹುಡುಕುತ್ತೇನೆ ಅಂದಳು. ಪರೀಕ್ಷಕರು ತಲೆದೂಗಿ ಸಹಿ ಹಾಕಿದರು. ಪ್ರಪ್ರಥಮ ಮೇಷ್ಟ್ರು ಹೊರಬರುತ್ತಾ, "ಮನೆಯ ದರ್ಜಿಗಳ ಬಗ್ಗೆ ಬಹುಶಃ ನಮ್ಮದೇ ಮೊದಲು" ಎಂದು ಶುರು ಮಾಡಿದವರು ಟಿಕ್ಕಮ್ಮನ ಮುಖ ನೋಡಿ ಸುಮ್ಮನಾದರು. ಟಿಕ್ ಬಿಟ್ಟ ಸುದ್ದಿ ಸಂಜೆಯೊಳಗೆ ಕಾಲೇಜೆಲ್ಲ ಹರಡಿತು. ಪ್ರಾಂಶುಪಾಲರಂತೂ ಖುದ್ದಾಗಿ ಬಂದು, ಎದುರು ನಿಂತು ನಕ್ಕು ಹೋದರು.

ಪ್ರಬಂಧ ಮುಗಿಯುವ ಹೊತ್ತಿಗೆ ಹುಡುಗಿಯ ತಾಯಿ ಒಂದು ದಿನ ಗ್ರಂಥಾಲಯಕ್ಕೆ ಬಂದಳು. ಮೇಜು ಓರೆ ಮಾಡಲು ಹೇಳಿದ ಪುಣ್ಯಾತ್ಮರು ಯಾರೆಂದು ಒಂದು ಸಲ ನೋಡಬೇಕಂತೆ. ಟಿಕ್ಕಮ್ಮ ಆಕೆಯನ್ನು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ, ಎಲ್ಲರಿಗೂ ಹೇಳುವ ಹಾಗೆಯೇ ಆಕೆಗೂ ಹೇಳಿದಳು. "ಹುಡುಕೋಕೆ ಮುಂಚೆ ಏನು ನೋಡಬೇಕು ಗೊತ್ತಾ?"

"ಮಗಳು ಹೇಳಿಕೊಟ್ಟಿದಾಳೆ," ಎಂದು ದರ್ಜಿ ಎಡಗಡೆ ನೋಡಿದಳು.

ಅಲ್ಲಿ ಟಿಕ್ ಇತ್ತೋ ಇಲ್ಲವೋ, ಟಿಕ್ಕಮ್ಮ ಅವತ್ತು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಕುರ್ಚಿಯನ್ನು. ಕುರ್ಚಿ ತಿರುಗಿರಲಿಲ್ಲ. ಕತ್ತು ಮಾತ್ರ ತಿರುಗಿತ್ತು.